ಕಿರುಚಿತ್ರಕ್ಕೂ ಕಾಲಮಿತಿ

ಕತ್ತರಿಸುವುದೇ ನನ್ನ ಹೊಟ್ಟೆಪಾಡು. ಮೂಡುಬಿದಿರೆ ಪೇಟೆಯಲ್ಲಿ ಚಪ್ಪಲಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಕುಳಿತು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತೇನೆ. ಆರು ಗಂಟೆಯ ಮದುವೆಯನ್ನು ನಾಲ್ಕು ನಿಮಿಷಕ್ಕೆ ಇಳಿಸುವಾಗ ಯಾರದೋ ದೊಡ್ಡಪ್ಪ, ಯಾರದೋ ನಾದಿನಿ ಪೂರ್ತಿ ಮಾಯವಾಗುತ್ತಾರೆ. ಫೋನ್ ಮಾಡಿ ಬೈಯುತ್ತಾರೆ. ಕೇಳಿಸಿಕೊಂಡು ಇನ್ನೊಂದು ಮದುವೆಗೆ ಕೈ ಹಾಕುತ್ತೇನೆ. ಹಾಗಾಗಿ ಈಗ ಹೇಳಲು ಹೊರಟಿರುವುದು ಕತ್ತರಿ ಕಂಡರೆ ಆಗದವಳ ಸಿಟ್ಟಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಸಿಟ್ಟಿನಲ್ಲಿ ಒಂದು ದೊಡ್ಡ ಪಾಲು ನನ್ನ ಮೇಲೆಯೇ ಇದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯವರು ಸ್ವಂತ ಕೈಯಿಂದ ದುಡ್ಡು ಹಾಕಿ ಮಾಡಿದ ಕಿರುಚಿತ್ರಗಳನ್ನು ಒಟ್ಟು ಸೇರಿಸಿ, ಒಂದು ಭಾನುವಾರ ಮಧ್ಯಾಹ್ನ ಮೂಡುಬಿದಿರೆಯ ಹಾಲ್ ಒಂದರಲ್ಲಿ ಜನರಿಗೆ ತೋರಿಸುವುದೆಂದು ಒಂದು ಸಮಿತಿ ತೀರ್ಮಾನಿಸಿತ್ತು. ಬಂದದ್ದು ಎಂಟು ಚಿತ್ರ. ಮಾಡಿದವರಲ್ಲಿ ದೊಡ್ಡ ಹೆಸರಿನವರು ಯಾರೂ ಇಲ್ಲ. ಒಬ್ಬ ಬಸ್ ಕಂಡಕ್ಟರ್, ಒಬ್ಬಳು ಕಾಲೇಜು ಹುಡುಗಿ, ಗಲ್ಫಿನಿಂದ ರಜೆಗೆ ಬಂದಾಗ ಚಿತ್ರೀಕರಿಸಿ ವಾಪಸ್ ಹೋದವರೊಬ್ಬರು, ಹೀಗೆ. ಎಂಟನ್ನೂ ಒಂದೇ ಹದಕ್ಕೆ ತಂದು, ಸಬ್‌ಟೈಟಲ್ ಹಾಕಿ, ಆ ದಿನ ಪ್ರೊಜೆಕ್ಟರ್ ಮತ್ತು ಧ್ವನಿ ಎರಡನ್ನೂ ನೋಡಿಕೊಳ್ಳುವ ಕೆಲಸ ನನಗೆ ಬಿತ್ತು.

ಮೊದಲ ಸಭೆ ನಡೆದದ್ದು ಬಂಟ್ವಾಳದ ಬಿ.ಸಿ.ರೋಡಿನಲ್ಲಿ, ಸಮಿತಿಯ ಅಧ್ಯಕ್ಷರ ಹೋಟೆಲಿನ ಮೇಲಿನ ಕೋಣೆಯಲ್ಲಿ. ಅಧ್ಯಕ್ಷರು ಕೆಟ್ಟವರಲ್ಲ. ವರ್ಷಕ್ಕೊಂದು ಯಕ್ಷಗಾನ ಬಯಲಾಟ ಆಡಿಸುವವರು, ಕಲಾವಿದರಿಗೆ ತಾವೇ ನಿಂತು ಬಡಿಸುವವರು. ಊರಿನಲ್ಲಿ ಯಾವ ಕಾರ್ಯಕ್ರಮವಾದರೂ ಮೊದಲು ಹೋಗಿ ಕೇಳುವುದು ಅವರನ್ನೇ. ಚಹಾ, ಬನ್ಸ್ ಆದ ಮೇಲೆ ನಾನು ಚಿತ್ರಗಳ ಒಟ್ಟು ಅವಧಿ ಹೇಳಿದೆ. ಎರಡು ಗಂಟೆ ಎಂಟು ನಿಮಿಷ.

"ಅಷ್ಟು ಉಂಟಾ?" ಎಂದರು ಅಧ್ಯಕ್ಷರು. "ಎರಡು ಗಂಟೆಗೆ ಸಭೆ ಸುರು. ಎರಡೂವರೆಗೆ ಮುಗೀತದೆ. ಆಮೇಲೆ ನಿಮ್ಮ ಫಿಲ್ಮ್. ಕೊನೆಗೆ ಸಮಾರೋಪಕ್ಕೆ ಒಂದು ನಲ್ವತ್ತು ನಿಮಿಷ ಬೇಕಲ್ಲ. ಆರೂವರೆಗೆ ಹಾಲ್ ಬಿಟ್ಟು ಕೊಡ್ಬೇಕು, ರಾತ್ರೆಗೆ ಅಲ್ಲಿ ಒಂದು ರೋಸ್ ಉಂಟು."

ರೋಸ್ ಎಂದರೆ ನಮ್ಮ ಕಡೆ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ನಡೆಯುವ ಶಾಸ್ತ್ರ. ಹಾಲಿನವರು ಹೂವು ಕಟ್ಟಲು ಬರುವ ಹೊತ್ತಿಗೆ ನಾವು ಜಾಗ ಖಾಲಿ ಮಾಡಬೇಕು. ಲೆಕ್ಕ ಹಾಕಿ ನೋಡಿದೆ. ಸರಿಹೋಗುತ್ತಿತ್ತು.

"ಸರಿ ಆಗ್ತದೆ. ಆದ್ರೂ ಸಭೆ ಅಂದ್ಮೇಲೆ ಹಿಂದೆಮುಂದೆ ಆಗ್ತದೆ ಮಾರಾಯ್ತಿ," ಎಂದರು ಅವರು. "ನೀವೊಂದು ಕೆಲಸ ಮಾಡಿ. ಎಲ್ಲ ಫಿಲ್ಮಿನದ್ದು ಒಂದು ಕಾಲಮಿತಿ ತಯಾರು ಮಾಡಿ ಇಡಿ. ಒಂದೊಂದರಲ್ಲಿ ನಾಲ್ಕೈದು ನಿಮಿಷ ಕಡಿಮೆ ಆದ್ರೆ ಯಾರಿಗೂ ಗೊತ್ತಾಗುದಿಲ್ಲ."

ಕಾಲಮಿತಿ! ಬೆಳಗಾಗುವವರೆಗೆ ನಡೆಯುತ್ತಿದ್ದ ಯಕ್ಷಗಾನವನ್ನು ನಮ್ಮ ಜಿಲ್ಲೆಯಲ್ಲಿ ಈಗ ನಾಲ್ಕೈದು ಗಂಟೆಯಲ್ಲಿ ಮುಗಿಸುವ ಕ್ರಮ ಬಂದಿದೆ. ಅದಕ್ಕೆ ಹೇಳುವ ಹೆಸರು ಅದು. ಸಿನಿಮಾ ಅಂದರೆ ಹಾಗಲ್ಲ, ಅದನ್ನು ಮಾಡಿದವರು ಆಗಲೇ ಅಳೆದು ಮುಗಿಸಿದ್ದಾರೆ ಎಂದು ವಿವರಿಸಲು ಹೋದೆ.

"ಭಾಗವತರು ಪದ್ಯ ಬಿಡುದಿಲ್ವಾ? ಹೊತ್ತು ನೋಡಿ ಎರಡು ಪದ್ಯ ಹಾರಿಸಿ ಮುಂದೆ ಹೋಗ್ತಾರೆ. ಆಟ ಕೆಡ್ತದಾ? ಇಲ್ಲಿ ನೀವೇ ಭಾಗವತರು!" ಎಂದು ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಯಕ್ಷಗಾನದಲ್ಲಿ ಪದ್ಯ ಬಿಡುವವನು ಅದನ್ನು ಹಾಡುವವನೇ. ಬಿಟ್ಟದ್ದು ಯಾವುದೆಂದು ವೇಷಧಾರಿಗೆ ಗೊತ್ತು, ಕಥೆ ಏನೆಂದು ಎದುರು ಕುಳಿತವರಿಗೂ ಗೊತ್ತು. ನನ್ನ ಎದುರು ಕುಳಿತುಕೊಳ್ಳುವವರಿಗೆ ಈ ಎಂಟು ಕಥೆಗಳಲ್ಲಿ ಒಂದೂ ಗೊತ್ತಿರಲಿಲ್ಲ. ಇಷ್ಟನ್ನು ಅಲ್ಲಿಯೇ ಹೇಳಬಹುದಿತ್ತು. ಹೇಳಲಿಲ್ಲ.

ಕೆಲಸ ಶುರುಮಾಡಿದೆ. ಎಂಟು ಚಿತ್ರ ಎಂದರೆ ಎಂಟು ಬಗೆಯ ತಲೆನೋವು. ಒಂದು ಪಿಸುಮಾತಿನಷ್ಟು ಸಣ್ಣ ಧ್ವನಿಯದ್ದು, ಇನ್ನೊಂದು ಶುರುವಾದ ಕೂಡಲೇ ಕಿವಿ ಹರಿಯುವಂಥದ್ದು. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೆ. ಹೆಚ್ಚಿನವು ತುಳುವಿನವು, ಹಾಗಾಗಿ ಕನ್ನಡ ಸಬ್‌ಟೈಟಲ್ ಬೇಕು. ಸಬ್‌ಟೈಟಲನ್ನು ಬೇರೆ ಕಡತವಾಗಿ ಇಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಅದಕ್ಕೇ ಎಲ್ಲವನ್ನೂ ಚಿತ್ರದ ಮೇಲೆಯೇ ಅಚ್ಚೊತ್ತಿದೆ. ಬಿಳಿ ಅಕ್ಷರ ಬಿಳಿ ಅಂಗಿಯ ಮೇಲೆ ಕಾಣುವುದಿಲ್ಲವೆಂದು ಹಳದಿ ಮಾಡಿ, ಸುತ್ತ ತೆಳುವಾಗಿ ಕಪ್ಪು ಅಂಚು ಕೊಟ್ಟೆ.

ಕಂಡಕ್ಟರನ ಚಿತ್ರ ಪೂರ್ತಿ ಮೊಬೈಲಿನಲ್ಲಿ ತೆಗೆದದ್ದು. ಮೊಬೈಲು ಬೆಳಕು ಕಡಿಮೆಯಾದಲ್ಲಿ ತನ್ನಷ್ಟಕ್ಕೇ ಫ್ರೇಮಿನ ವೇಗ ಬದಲಿಸುತ್ತದೆ, ಹಾಗಾಗಿ ಹದಿನೈದನೇ ನಿಮಿಷಕ್ಕೆ ಬರುವಾಗ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅದನ್ನು ಸರಿಪಡಿಸಲು ಅವನನ್ನು ವಾರದ ರಜೆಯ ದಿನ ಮಾಳಿಗೆಗೆ ಬರಹೇಳಿದೆ. ಮೂವತ್ತು ದಾಟಿರದ, ಮಾತಿನಲ್ಲಿ ಚುರುಕಾದ ಆಳು. ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೂಲಕ ಬಂಟ್ವಾಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕೆಲಸ. ಚಿತ್ರದ ಕೊನೆಯ ಆರು ನಿಮಿಷದಲ್ಲಿ ಧ್ವನಿಯ ಗೆರೆ ಸಪಾಟಾಗಿತ್ತು.

"ಇಲ್ಲಿ ಆಡಿಯೋ ಬಂದಿಲ್ಲ ನೋಡು," ಎಂದೆ.

"ಬಂದಿಲ್ಲ ಅಲ್ಲ ಅಕ್ಕ, ಇಲ್ಲ. ಬೇಕಂತಲೇ ತೆಗೆದದ್ದು," ಎಂದ. ಆಮೇಲೆ ಕಥೆ ಹೇಳಿದ.

ಅವನು ಆ ಲೈನಿಗೆ ಹೊಸತಾಗಿ ಬಂದಿದ್ದಾಗಿನ ಮಾತು. ಜೋರು ಮಳೆ. ಬಸ್ಸಿನ ಎರಡೂ ಬದಿಗೆ ಟರ್ಪಾಲು ಇಳಿಸಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. "ಸಿದ್ಧಕಟ್ಟೆ, ಸಿದ್ಧಕಟ್ಟೆ ಅಂತ ಮೂರು ಸಲ ಬೊಬ್ಬೆ ಹೊಡ್ದೆ. ಒಬ್ರು ಹೆಂಗಸು ಟಿಕೆಟ್ ತಗೊಂಡವರು ಇಳಿಲೇ ಇಲ್ಲ. ಎರಡು ಸ್ಟಾಪ್ ಮುಂದೆ ಹೋದ್ಮೇಲೆ ಎದ್ದು ಸೀಟಿಗೆ ಬಡಿಲಿಕ್ಕೆ ಸುರು ಮಾಡಿದ್ರು. ನನಗೆ ಮೊದಲೇ ಟೈಮ್ ಆಗಿದೆ. ಎಲ್ಲರ ಎದುರು, ಕಿವಿ ಕೇಳುದಿಲ್ವಾ, ಕೆಪ್ಪಿಯಾ ನೀವು ಅಂತ ಹೇಳ್ಬಿಟ್ಟೆ. ಬಸ್ಸಿಡೀ ನಗಾಡಿತು. ಅವರಿಗೆ ಆ ನಗು ಮಾತ್ರ ಕಂಡದ್ದು."

ಆ ಹೆಂಗಸು ಸಿದ್ಧಕಟ್ಟೆಯ ಟೈಲರ್. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮರುದಿನ ಡ್ರೈವರ್ ಹೇಳಿದ ಮೇಲೆ ಇವನು ಅವರ ಅಂಗಡಿಗೆ ಹೋಗಿ ಕೈ ಮುಗಿದನಂತೆ. ಅವರು ಮಿಷನ್ ನಿಲ್ಲಿಸಿ, ಅಳತೆ ಬರೆಯುವ ಪುಸ್ತಕದಲ್ಲಿ ಎರಡು ಸಾಲು ಬರೆದು ಅವನ ಮುಂದಿಟ್ಟರು. ಆ ಹಾಳೆಯ ಫೋಟೊ ಅವನ ಮೊಬೈಲಿನಲ್ಲಿತ್ತು, ನನಗೆ ತೋರಿಸಿದ. "ಬಸ್ಸಿನಲ್ಲಿ ಎಲ್ಲರ ಎದುರು ಹೇಳಿದ್ದು. ಅಂಗಡಿಗೆ ಬಂದು ಒಬ್ಬಳ ಹತ್ತಿರ ತಪ್ಪಾಯ್ತು ಅಂದರೆ ಆಗುವುದಿಲ್ಲ."

ಹಾಗೆ ಹುಟ್ಟಿದ ಚಿತ್ರ ಅದು. ಒಂದು ವರ್ಷ ಅವರಿಂದಲೇ ಕೈಭಾಷೆ ಕಲಿತು, ಅವರಿಂದಲೇ ಅಭಿನಯ ಮಾಡಿಸಿ, ವಾರದ ರಜೆಗಳಲ್ಲಿ ತೆಗೆದಿದ್ದ. ಮೊದಲ ಹದಿನಾರು ನಿಮಿಷ ಬಸ್ಸಿನ ಗದ್ದಲ, ಸೀಟಿ, ಚಿಲ್ಲರೆ ಜಗಳ. ಕೊನೆಯ ಆರು ನಿಮಿಷ ಅದೇ ಪ್ರಯಾಣ, ಅವರ ಸೀಟಿನಿಂದ. ಒಂದೂ ಸದ್ದಿಲ್ಲ. ಟರ್ಪಾಲು, ಅಲ್ಲಾಡುವ ಬಾಯಿಗಳು, ತಪ್ಪಿದ ಸ್ಟಾಪು, ನಗುವ ಮುಖಗಳು, ಆಮೇಲೆ ಮಳೆಯಲ್ಲಿ ಹಿಂದಕ್ಕೆ ನಡೆದು ಬರುವ ಅವರು. ಅವನು ಕೇಳಬೇಕಾಗಿದ್ದ ಕ್ಷಮೆ ಇದ್ದದ್ದು ಆ ಆರು ನಿಮಿಷದಲ್ಲಿ. ಹದಿನಾರು ನಿಮಿಷ ಬರೀ ಅದಕ್ಕೆ ದಾರಿ.

"ಅವರು ಬರ್ತಾರೆ ಅಕ್ಕ. ಇನ್ನೂ ನೋಡ್ಲಿಲ್ಲ ಅವರು. ಎಷ್ಟು ಕೇಳಿದ್ರೂ, ಜನರ ಜೊತೆಯೇ ನೋಡುದು ಅಂತ ಹೇಳಿದ್ದಾರೆ," ಎಂದ.

ಇಷ್ಟೆಲ್ಲ ಕೇಳಿದ ಮೇಲೂ ನಾನು ಏನು ಮಾಡಿದೆ ಗೊತ್ತೇ? ಆ ವಾರದ ಕೊನೆಗೆ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಮಾಡಿದೆ. ಒಂದಕ್ಕೆ 'ಪೂರ್ಣ', ಇನ್ನೊಂದಕ್ಕೆ 'ಮಿತಿ' ಎಂದು ಹೆಸರಿಟ್ಟೆ. ಒಂದೊಂದೇ ಚಿತ್ರದಲ್ಲಿ ಎಲ್ಲಿ ಕತ್ತರಿಸಿದರೆ ಗಾಯ ಕಾಣುವುದಿಲ್ಲವೆಂದು ಹುಡುಕಿದೆ. ಕಂಡಕ್ಟರನ ಚಿತ್ರಕ್ಕೆ ಬಂದಾಗ ಹುಡುಕುವ ಕೆಲಸವೇ ಇರಲಿಲ್ಲ. ಮಾತಿಲ್ಲ, ಸದ್ದಿಲ್ಲ, ಸಬ್‌ಟೈಟಲ್ ಇಲ್ಲ. ಸಮಯ ಉಳಿಸಲು ಅದಕ್ಕಿಂತ ಸುಲಭದ ಜಾಗ ಇನ್ನೆಲ್ಲಿ? ಆರು ನಿಮಿಷ ಒಂದೇ ಏಟಿಗೆ ಹೋಯಿತು. ಇದೆಲ್ಲ ಸುಮ್ಮನೆ ತಯಾರಿ, ಬೇಕಾಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತು ವರ್ಷ ಗಿರಾಕಿ ಕೇಳುವ ಮೊದಲೇ ಎರಡು ಪ್ರತಿ ತಯಾರಿಟ್ಟು ಅಭ್ಯಾಸ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಲಿಗೆ ಹೋದೆ. ಪಶ್ಚಿಮದ ಗೋಡೆಯಲ್ಲಿ ಆರು ದೊಡ್ಡ ಕಿಟಕಿ. ಮಧ್ಯಾಹ್ನದ ಬಿಸಿಲು ನೇರ ಪರದೆಯ ಮೇಲೆ ಬೀಳುತ್ತದೆ. ಶಾಮಿಯಾನದವರ ಹತ್ತಿರ ಕಪ್ಪು ಬಟ್ಟೆ ತರಿಸಿ, ಎರಡು ಪದರ ಮಾಡಿ ಕಟ್ಟಿಸಿದೆ. ಹಾಲಿನ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಅದನ್ನು ಬಿಟ್ಟು ವೇದಿಕೆಯ ಮೈಕುಗಳನ್ನೂ ನನ್ನದೇ ಮಿಕ್ಸರಿಗೆ ಎಳೆದುಕೊಂಡೆ. ಹೀಗೆ ಸಿನಿಮಾದ ಧ್ವನಿ, ಭಾಷಣದ ಧ್ವನಿ ಎರಡೂ ಹಿಂದಿನ ಸಾಲಿನಲ್ಲಿದ್ದ ನನ್ನ ಮೇಜಿನಿಂದಲೇ ಹೋಗುವಂತಾಯಿತು. ಅದರಿಂದ ಮುಂದೆ ಏನಾಗಲಿದೆಯೆಂದು ಆಗ ನನಗೆ ಕಲ್ಪನೆ ಇರಲಿಲ್ಲ.

ಎರಡು ಗಂಟೆಗೆ ಹಾಲ್ ತುಂಬಿತು. ಎರಡನೇ ಸಾಲಿನಲ್ಲಿ ಕಂಡಕ್ಟರ್, ಅವನ ಪಕ್ಕದಲ್ಲಿ ಟೈಲರ್ ಅಕ್ಕ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಅದೇ ಅಳತೆ ಪುಸ್ತಕ. ಎರಡೂವರೆ ಆಯಿತು, ಮೂರಾಯಿತು. ಮುಖ್ಯ ಅತಿಥಿ ಬರಲಿಲ್ಲ. ಅವರು ಇನ್ನೊಂದು ಉದ್ಘಾಟನೆ ಮುಗಿಸಿ ಹೊರಟಿದ್ದಾರೆ ಎಂದು ಮೂರು ಸಲ ಘೋಷಣೆಯಾಯಿತು. ಸಭೆ ಶುರುವಾದದ್ದು ಮೂರು ಗಂಟೆ ಐದು ನಿಮಿಷಕ್ಕೆ.

ವೇದಿಕೆಯಲ್ಲಿ ಒಂಬತ್ತು ಮಂದಿ, ಎಲ್ಲರೂ ಪರದೆಗೆ ಬೆನ್ನು ಹಾಕಿ. ಒಬ್ಬೊಬ್ಬರಿಗೂ ಸ್ವಾಗತ, ಒಬ್ಬೊಬ್ಬರಿಗೂ ಹೂಗುಚ್ಛ. ಆ ಹೂಗುಚ್ಛ ತಂದುಕೊಡಲು ಯಾರನ್ನು ನಿಲ್ಲಿಸಿದ್ದರು ಗೊತ್ತೇ? ಚಿತ್ರ ಮಾಡಿದವರನ್ನು. ಬೆಳ್ತಂಗಡಿಯ ಆ ಕಾಲೇಜು ಹುಡುಗಿ, ಪಾಕೆಟ್ ಮನಿ ಕೂಡಿಸಿ ಹದಿನಾಲ್ಕು ನಿಮಿಷದ ಚಿತ್ರ ಮಾಡಿದವಳು, ಹರಿವಾಣ ಹಿಡಿದುಕೊಂಡು ವೇದಿಕೆಯ ಮೂಲೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದಳು. ಅವಳ ಹೆಸರನ್ನು ಒಬ್ಬನೇ ಒಬ್ಬ ಭಾಷಣಕಾರ ಹೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮುಖ್ಯ ಅತಿಥಿ ಇಪ್ಪತ್ತೆರಡು ನಿಮಿಷ ಮಾತಾಡಿದರು. ಯುವಕರು ಮೊಬೈಲಿನಿಂದ ಹಾಳಾಗುತ್ತಿದ್ದಾರೆ ಎಂದರು. ಎದುರಿಗೇ ಮೊಬೈಲಿನಲ್ಲಿ ಸಿನಿಮಾ ಮಾಡಿದ ಕಂಡಕ್ಟರ್ ಕುಳಿತಿದ್ದ. ಅವನು ಮೊದಮೊದಲು ಭಾಷಣಗಳನ್ನು ಟೈಲರ್ ಅಕ್ಕನಿಗೆ ಕೈಯಲ್ಲಿ ಹೇಳುತ್ತಿದ್ದ. ಹತ್ತು ನಿಮಿಷವಾದ ಮೇಲೆ ಕೈ ಮಡಿಲಿಗೆ ಇಳಿಸಿದ. ಆಮೇಲೆ ಒಂದು ಗಂಟೆಗೂ ಮಿಕ್ಕಿ ಆ ಹೆಂಗಸು ಅಲ್ಲಾಡುವ ಬಾಯಿಗಳನ್ನು ನೋಡುತ್ತ ನೆಟ್ಟಗೆ ಕುಳಿತಿದ್ದರು. ಅತಿಥಿ, ತನಗೆ ಚಿತ್ರ ನೋಡುವ ಆಸೆ ಬಹಳ ಇದೆ, ಆದರೆ ಸಮಯವಿಲ್ಲ ಎಂದು ಹೇಳಿ ಇಳಿದು ಹೋದರು. ಅವರ ಹಿಂದೆಯೇ ಮೂರು ಸಾಲು ಖಾಲಿಯಾಯಿತು.

ಸಭೆ ಮುಗಿದಾಗ ನಾಲ್ಕು ಇಪ್ಪತ್ತು. ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದರು.

"ಆಯ್ತಲ್ಲ, ನಾನು ಅವತ್ತೇ ಹೇಳಿದ್ದು. ಕಾಲಮಿತಿದು ಹಾಕುವ."

"ಆರೂವರೆವರೆಗೆ ಎರಡು ಗಂಟೆ ಹತ್ತು ನಿಮಿಷ ಉಂಟು ಸರ್," ಎಂದೆ. "ಪೂರ್ತಿ ಹಾಕಿದ್ರೂ ಎರಡು ಎಂಟು. ಸಮಾರೋಪ ಬಿಟ್ಟುಬಿಡುವ."

"ಸಮಾರೋಪ ಬಿಡುದಾ?" ಅವರಿಗೆ ನಿಜವಾಗಿ ಅರ್ಥವಾಗಲಿಲ್ಲ. "ಶಾಲು ತಂದಾಗಿದೆ, ಸ್ಮರಣಿಕೆ ಉಂಟು, ಆರು ಜನ ಸಮಾರೋಪಕ್ಕಂತಲೇ ಬಂದಿದ್ದಾರೆ. ಅವರಿಗೆಲ್ಲ ಎಂತ ಹೇಳುದು? ನೀವು ಹಾಕಿ ಹಾಕಿ, ಎಂತ ಆಗುದಿಲ್ಲ."

ಸಮಯ ಇತ್ತು! ಇಲ್ಲದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸಿನಿಮಾಕ್ಕೆಂದು ಕರೆದ ಜನ, ಸಿನಿಮಾಕ್ಕೆ ಸಾಕಾಗುವಷ್ಟು ಹೊತ್ತು, ಎಲ್ಲ ಇತ್ತು. ಆದರೆ ಶಾಲನ್ನು ಮಡಚಿ ಮನೆಗೆ ಒಯ್ಯಲು ಸಾಧ್ಯವಿಲ್ಲ, ಸಿನಿಮಾವನ್ನು ಮಡಚಬಹುದು. ನಾನು ಹಲ್ಲು ಕಚ್ಚಿಕೊಂಡು 'ಮಿತಿ' ಫೋಲ್ಡರ್ ತೆರೆದೆ.

ಮೊದಲನೆಯದು ಗಲ್ಫಿನವರ ಹಾಸ್ಯಚಿತ್ರ. ಐದು ನಿಮಿಷ ಕಡಿಮೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಎರಡನೆಯದು ಆ ಕಾಲೇಜು ಹುಡುಗಿಯದ್ದು. ಅಕ್ಕ ತಂಗಿ ಇಬ್ಬರಿಗೆ ಒಂದೇ ಸ್ಕೂಟರ್. ಬೀದಿಗೆ ಬಿದ್ದ ಜಗಳದ ಕೊನೆಗೆ ತಂಗಿ ಅಕ್ಕನ ಚೀಲದಿಂದ ಕೀ ತೆಗೆದುಕೊಂಡು ಸ್ಕೂಟರ್ ಹತ್ತಿ ಹೋಗಿಬಿಡುತ್ತಾಳೆ. ಖಾಲಿ ರಸ್ತೆ. ನಾನು ಕತ್ತರಿಸಿದ್ದು ಅಲ್ಲಿ, ಅಲ್ಲಿ ಗಾಯ ಕಾಣುತ್ತಿರಲಿಲ್ಲ. ಇದಕ್ಕೂ ಚಪ್ಪಾಳೆ ಬಂತು, ಮೊದಲಿಗಿಂತ ಜೋರಾಗಿ.

ಮೂರನೆಯದು ಶುರುಮಾಡುವಷ್ಟರಲ್ಲಿ ಹುಡುಗಿ ನನ್ನ ಮೇಜಿನ ಪಕ್ಕ ಬಂದು ನಿಂತಿದ್ದಳು. ಕೈಯಲ್ಲಿ ಇನ್ನೂ ಆ ಖಾಲಿ ಹರಿವಾಣ.

"ಅಕ್ಕಾ, ನನ್ನ ಫಿಲ್ಮ್ ಮುಗಿಲಿಲ್ಲ."

"ಸಮಯ ಇಲ್ಲ ಅಂತ ಸಮಿತಿಯವರು..." ಎಂದು ನಾನು ಶುರುಮಾಡಿದೆ.

"ಅವಳು ವಾಪಸ್ ಬರ್ತಾಳಲ್ಲ ಅಕ್ಕ! ಬಂದು ಕೀ ಕೊಡ್ತಾಳೆ. ಅದಕ್ಕೇ ಅಲ್ವಾ ನಾನು ಮಾಡಿದ್ದು? ಈಗ ಅವಳು ಕಳ್ಳಿ ಆದ್ಳು. ನನ್ನ ಅಕ್ಕ ಬಂದು ಕೂತಿದ್ದಾಳೆ ಅಲ್ಲಿ." ಹರಿವಾಣವನ್ನು ಮೇಜಿನ ಮೇಲಿಟ್ಟಳು. "ನೀವು ಎಡಿಟರ್ ಅಲ್ವಾ? ನಿಮಗೂ ಗೊತ್ತಾಗ್ಲಿಲ್ವಾ?"

ಗೊತ್ತಿತ್ತು. ಹದಿನೈದು ದಿನದ ಮೊದಲೇ ಗೊತ್ತಿತ್ತು. ಆ ಹುಡುಗಿ ನನಗೆ ಎರಡೇಟು ಕೊಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಧ್ಯಕ್ಷರ ಮೇಲೆ, ಅತಿಥಿಯ ಮೇಲೆ, ಶಾಲಿನ ಮೇಲೆ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ತಿರುಗಿ ನನ್ನ ಮುಖಕ್ಕೇ ಹೊಡೆಯಿತು. ಅವರಿಗೆ ಸಿನಿಮಾ ಅಂದರೇನೆಂದು ಗೊತ್ತಿಲ್ಲ. ಗೊತ್ತಿದ್ದವಳು ನಾನು. ಕತ್ತರಿ ಹಿಡಿದ ಕೈಯೂ ನನ್ನದೇ.

'ಮಿತಿ' ಫೋಲ್ಡರ್ ಮುಚ್ಚಿದೆ. ಮೂರನೆಯದನ್ನು 'ಪೂರ್ಣ'ದಿಂದ ಹಾಕಿದೆ. ಹುಡುಗಿಗೆ, "ಇಲ್ಲಿಯೇ ಕೂತ್ಕೋ. ಇನ್ನು ಮುಂದೆ ಯಾರದ್ದೂ ತುಂಡು ಆಗುದಿಲ್ಲ. ನಿನ್ನದನ್ನು ಹೇಗೆ ಸರಿಮಾಡುದು ಅಂತ ನನಗೆ ಈಗ ಗೊತ್ತಿಲ್ಲ," ಎಂದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು.

ಮೂರು, ನಾಲ್ಕು, ಐದು, ಆರು. ಎಲ್ಲವೂ ಪೂರ್ತಿ ಓಡಿದವು. ಐದೂ ಮುಕ್ಕಾಲಿಗೆ ಅಧ್ಯಕ್ಷರು ಬಂದು ಬಗ್ಗಿ ಕೇಳಿದರು, "ಎಷ್ಟು ಬಾಕಿ?"

"ಇದು, ಆಮೇಲೆ ಒಂದು," ಎಂದೆ.

"ಸ್ವಲ್ಪ ಉದ್ದ ಆದ ಹಾಗೆ ಕಾಣ್ತದೆ."

"ಕಾಲಮಿತಿ ಸರ್," ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಅವರು ವಾಚು ನೋಡಿಕೊಂಡು ಶಾಲುಗಳ ಕಡೆ ಹೋದರು.

ಕಂಡಕ್ಟರನ ಚಿತ್ರ ಶುರುವಾದದ್ದು ಆರಕ್ಕೆ ಎರಡು ನಿಮಿಷ ಇರುವಾಗ. ಬಸ್ಸಿನ ಸೀಟಿ ಕೇಳಿದ ಕೂಡಲೇ ಜನ ಒಮ್ಮೆ ನಕ್ಕರು, ಎಲ್ಲರಿಗೂ ಪರಿಚಯದ ಲೈನು. ಎರಡನೇ ಸಾಲಿನಲ್ಲಿ ಟೈಲರ್ ಅಕ್ಕ ಮುಂದಕ್ಕೆ ಬಾಗಿದ್ದು ನನ್ನ ಜಾಗದಿಂದ ಕಾಣುತ್ತಿತ್ತು. ಆರು ಹದಿನಾಲ್ಕಕ್ಕೆ ಚಿತ್ರದ ಧ್ವನಿ ನಿಂತಿತು. ಪರದೆಯ ಮೇಲೆ ಒದ್ದೆ ಟರ್ಪಾಲು. ಹಾಲಿನಲ್ಲಿ ಫ್ಯಾನುಗಳ ಸದ್ದು ಮಾತ್ರ.

ಸದ್ದು ನಿಂತದ್ದೇ ತಡ, ವೇದಿಕೆಯ ಬದಿಯಲ್ಲಿ ಕಾದು ನಿಂತಿದ್ದ ಅಧ್ಯಕ್ಷರು ಸಿನಿಮಾ ಮುಗಿಯಿತೆಂದುಕೊಂಡರು. ಟಕ್ ಎಂದು ಟ್ಯೂಬ್‌ಲೈಟುಗಳು ಉರಿದವು. ಚಿತ್ರ ಮಸುಕಾಗಿ ಹೋಯಿತು. ತೋಳಿನ ಮೇಲೆ ನಾಲ್ಕು ಶಾಲು ಹಾಕಿಕೊಂಡು ಅವರು ಪರದೆಯ ನಡುವಿಗೇ ಬಂದು ನಿಂತರು. ಅವರ ಬಿಳಿ ಅಂಗಿಯ ಮೇಲೆ ಬಸ್ಸು ಓಡುತ್ತಿತ್ತು.

"ಆತ್ಮೀಯರೇ, ಈಗ ಸಮಾರೋಪ..."

ನನ್ನ ಕೈ ಮಿಕ್ಸರಿನ ಮೇಲಿತ್ತು. ಅವರ ಮೈಕಿನ ಗುಂಡಿಯನ್ನು ಕೆಳಕ್ಕೆ ಎಳೆದೆ. ಪೂರ್ತಿ ಕೆಳಕ್ಕೆ.

ಅವರ ಬಾಯಿ ಅಲ್ಲಾಡುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಮೈಕಿಗೆ ಬೆರಳಿನಿಂದ ತಟ್ಟಿದರು. ಮತ್ತೆ ಮಾತಾಡಿದರು. ಅವರ ಬೆನ್ನ ಹಿಂದೆ ಪರದೆಯಲ್ಲಿ ಬಸ್ಸಿನ ಬಾಯಿಗಳೂ ಹಾಗೆಯೇ ಅಲ್ಲಾಡುತ್ತಿದ್ದವು. ಇಷ್ಟು ಹೊತ್ತು ಆ ಹೆಂಗಸಿಗೆ ಕಂಡದ್ದು ಇದೇ ಎಂದು ಹಾಲಿನಲ್ಲಿ ಎಷ್ಟು ಜನರಿಗೆ ಹೊಳೆಯಿತೋ ಗೊತ್ತಿಲ್ಲ. ನನಗಂತೂ ಹೊಳೆಯಿತು.

ಕಂಡಕ್ಟರ್ ಎದ್ದು ನಿಂತ, ಆದರೆ ಏನು ಮಾಡುವುದೆಂದು ತಿಳಿಯದೆ ಅಲ್ಲೇ ನಿಂತ. ನಡೆದು ಹೋದವರು ಟೈಲರ್ ಅಕ್ಕ. ವೇದಿಕೆಯ ಕೆಳಗೆ ನಿಂತು, ಅಂಗಡಿಯಲ್ಲಿ ಬೆಳಕಿಗೆ ಅಡ್ಡ ನಿಂತ ಗಿರಾಕಿಯನ್ನು ಸರಿಸುವ ಹಾಗೆ, ಕೈಯನ್ನು ಎರಡು ಸಲ ಬದಿಗೆ ಬೀಸಿದರು. ಅಧ್ಯಕ್ಷರು ತಬ್ಬಿಬ್ಬಾಗಿ ಹಿಂದೆ ತಿರುಗಿ ನೋಡಿದರು. ಆಗಲೇ ಅವರಿಗೆ ಕಂಡದ್ದು, ಸಿನಿಮಾ ಇನ್ನೂ ಓಡುತ್ತಿದೆ ಎಂದು. ಅಷ್ಟರಲ್ಲಿ ನನ್ನ ಪಕ್ಕ ನೆಲದಲ್ಲಿದ್ದ ಹುಡುಗಿ ಗೋಡೆಯ ಬದಿಯಿಂದ ಓಡಿಹೋಗಿ ಲೈಟುಗಳನ್ನು ಆರಿಸಿದಳು. ನಾನು ಚಿತ್ರವನ್ನು ಧ್ವನಿ ನಿಂತ ಜಾಗಕ್ಕೆ ಹಿಂದೆ ತಂದು ಮತ್ತೆ ಬಿಟ್ಟೆ.

ಆರು ನಿಮಿಷ. ಯಾರೂ ಕೆಮ್ಮಲಿಲ್ಲ. ಕೊನೆಯಲ್ಲಿ ಪರದೆ ಕಪ್ಪಾದಾಗ ಕಂಡಕ್ಟರ್ ಹಾಲಿನ ನಡುವೆ ಬಂದು, ಜನರ ಕಡೆಗೂ ಅಲ್ಲ, ಟೈಲರ್ ಅಕ್ಕನ ಕಡೆಗೂ ಅಲ್ಲ ಎಂಬಂತೆ ಓರೆಯಾಗಿ ನಿಂತು, "ಅವತ್ತು ಬೈದದ್ದು ನಾನೇ. ತಪ್ಪಾಯ್ತು," ಎಂದ. ಅದನ್ನೇ ಕೈಯಲ್ಲಿಯೂ ಹೇಳಿದ. ಟೈಲರ್ ಅಕ್ಕ ಒಮ್ಮೆ ಸುತ್ತ ನೋಡಿದರು. ಜನ ಇದ್ದಾರೆಯೇ ಎಂದು ಲೆಕ್ಕ ತೆಗೆದಂತಿತ್ತು. ಆಮೇಲೆ ತಲೆಯಾಡಿಸಿದರು.

ಆರು ಇಪ್ಪತ್ತೈದಕ್ಕೆ ಹಾಲಿನವರು ಹೂವಿನ ಬುಟ್ಟಿಗಳನ್ನು ಒಳಗೆ ತಂದೇಬಿಟ್ಟರು. ಸಮಾರೋಪ ಕಾರು ನಿಲ್ಲಿಸುವ ಜಾಗದಲ್ಲಿ ನಡೆಯಿತು. ಶಾಲು ಹೊದಿಸಿ, ಫೋಟೊ ತೆಗೆದು, ಎಲ್ಲ ಸೇರಿ ಹತ್ತು ನಿಮಿಷ. ನಲವತ್ತು ನಿಮಿಷದ ಕೆಲಸ ಹತ್ತು ನಿಮಿಷಕ್ಕೆ ಆಗುತ್ತದೆ ಎಂದಾಯಿತಲ್ಲ! ಅಧ್ಯಕ್ಷರು ಕೇಬಲ್ ಸುತ್ತುತ್ತಿದ್ದ ನನ್ನ ಹತ್ತಿರ ಬಂದು, "ನೀವು ಮೈಕ್ ಬಂದ್ ಮಾಡಿದ್ದು ಸರಿಯಲ್ಲ ಮಾರಾಯ್ತಿ. ನನ್ನ ಮರ್ಯಾದಿ ಹೋಯ್ತು," ಎಂದರು.

"ಸರಿಯಲ್ಲ ಸರ್. ಆದರೆ ಅದಕ್ಕೆ ನನಗೆ ಬೇಜಾರಿಲ್ಲ," ಎಂದೆ. ಅವರು ಹೊರಟುಹೋದರು. ಆ ಸಮಿತಿ ಮತ್ತೆ ನನ್ನನ್ನು ಕರೆದಿಲ್ಲ.

ಲ್ಯಾಪ್‌ಟಾಪ್ ಚೀಲಕ್ಕೆ ಹಾಕುವಾಗ ಮೇಜಿನ ಮೇಲೆ ಅಳತೆ ಪುಸ್ತಕ ಬಂದು ಬಿತ್ತು. ಟೈಲರ್ ಅಕ್ಕ ಎದುರಿಗೆ ನಿಂತಿದ್ದರು. ಬರೆದಿದ್ದರು: "ಒಂದನೆಯದ್ದು, ಎರಡನೆಯದ್ದು ಮುಗಿಯಲಿಲ್ಲ. ಯಾಕೆ?"

ಹಾಲಿಡೀ ಚಪ್ಪಾಳೆ ತಟ್ಟಿತ್ತು. ಗೊತ್ತಾದದ್ದು, ಆ ಹುಡುಗಿಯನ್ನು ಬಿಟ್ಟರೆ, ಇವರೊಬ್ಬರಿಗೆ. ಕೆಳಗೆ ಬರೆದೆ: "ನಾನು ಕತ್ತರಿಸಿದೆ."

ಅವರು ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ತಮ್ಮ ಎದೆಯನ್ನು ಮುಟ್ಟಿ ತೋರಿಸಿದರು. ನನ್ನದನ್ನೂ?

"ಕತ್ತರಿಸಿ ಇಟ್ಟಿದ್ದೆ. ಹಾಕಲಿಲ್ಲ. ತಪ್ಪಾಯ್ತು," ಎಂದು ಬರೆದೆ.

ಅವರ ಹಿಂದೆ ನಿಂತಿದ್ದ ಕಂಡಕ್ಟರ್ ಅದನ್ನು ಓದಿದ. ಅವನ ಮುಖ ಬದಲಾದದ್ದನ್ನು ನೋಡಿದೆ, ಹೆಚ್ಚು ಹೊತ್ತು ನೋಡಲಾಗಲಿಲ್ಲ. ಟೈಲರ್ ಅಕ್ಕ ಏನೂ ತೋರಿಸಿಕೊಳ್ಳದೆ ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದರು. ಹಾಲಿನ ಹೊರಗಿನ ಮೆಟ್ಟಿಲ ಮೇಲೆ ಅವರು, ಕಂಡಕ್ಟರ್, ಆ ಹುಡುಗಿ, ಅವಳ ಅಕ್ಕ, ಎಲ್ಲ ಒತ್ತಿಕೊಂಡು ಕುಳಿತೆವು. ಎರಡು ಚಿತ್ರಗಳ ಉಳಿದ ಭಾಗ ಹಾಕಿದೆ. ಕೀ ಕೊಡುವ ದೃಶ್ಯ ಬಂದಾಗ ಹುಡುಗಿಯ ಅಕ್ಕ, "ಹೌದಾ, ವಾಪಸ್ ಬರ್ತಾಳಾ ಇವಳು?" ಎಂದು ತಂಗಿಯ ಬೆನ್ನಿಗೊಂದು ಗುದ್ದಿದಳು. ಇಬ್ಬರೂ ಅತ್ತರು.

ಎಲ್ಲ ಮುಗಿದ ಮೇಲೆ ಟೈಲರ್ ಅಕ್ಕ ಪುಸ್ತಕ ತೆರೆದು, ನಾನು ಬರೆದಿದ್ದ 'ತಪ್ಪಾಯ್ತು' ಎಂಬ ಪದದ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು. ಆಮೇಲೆ ಬಾಗಿಲ ಕಡೆ, ನಮ್ಮವರು ಯಾರೂ ಉಳಿದಿರದ ಹಾಲಿನ ಕಡೆ ಕೈ ತೋರಿಸಿದರು. ಕಂಡಕ್ಟರ್ ಅರ್ಥ ಹೇಳಬೇಕಾಗಿರಲಿಲ್ಲ. ತಪ್ಪು ನಡೆದದ್ದು ಎಲ್ಲರ ಎದುರು.

ಅಷ್ಟು ಹೊತ್ತಿಗೆ ಎಲ್ಲರೂ ಮನೆಗೆ ಹೋಗಿಯಾಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಭಾನುವಾರ ಹಾಲಿನಲ್ಲಿ ಕುಳಿತು ಎರಡನೇ ಚಿತ್ರಕ್ಕೆ ಚಪ್ಪಾಳೆ ತಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ. ನೀವು ನೋಡಿದ್ದು ತುಂಡು ಚಿತ್ರ, ತುಂಡು ಮಾಡಿದವಳು ನಾನು. ಆ ತಂಗಿ ಸ್ಕೂಟರ್ ಕದಿಯುವುದಿಲ್ಲ. ಸಂಜೆಗೆ ವಾಪಸ್ ಬಂದು ಕೀಯನ್ನು ಅಕ್ಕನ ಕೈಗೆ ಕೊಡುತ್ತಾಳೆ.